ಸರ್ಕಾರಿ ಸ್ಕೂಲಿಗೆ ಸೇರಿಸೋಕೆ ಅಷ್ಟು ದೂರ ಹೋದ್ಯಾ?

ಟೆಕ್ಸಾಸ್‌ನಲ್ಲಿ ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿದೆ ಅಂದಾಗ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರ್ಕಾರಿ ಸ್ಕೂಲಿಗೆ ಸೇರಿಸೋಕೆ ಅಷ್ಟು ದೂರ ಹೋದ್ಯಾ?" ಅಂದರು. ಫೀಸ್ ಇಲ್ಲಮ್ಮ, ಬಸ್ಸೂ ಫ್ರೀ ಅಂದೆ. ಸಮಾಧಾನವಾಯಿತು. ಆ ಫೀಸನ್ನೆಲ್ಲ ಮನೆ ಸಾಲದ ಜೊತೆಗೇ ಕಟ್ಟುತ್ತಿದ್ದೇನೆ ಅಂತ ಮಾತ್ರ ಹೇಳಲಿಲ್ಲ.

ಇಲ್ಲಿ ನಮ್ಮವರು ಮನೆ ನೋಡುವಾಗ ಈಸ್ಟ್ ಫೇಸಿಂಗಾ ಅನ್ನೋದು ಎರಡನೇ ಪ್ರಶ್ನೆ. ಮೊದಲನೆಯದು, ಸ್ಕೂಲ್ ರೇಟಿಂಗ್ ಎಷ್ಟು? ಹತ್ತಕ್ಕೆ ಒಂಬತ್ತಾದರೂ ಇರಬೇಕು. ನಾವು ಒಂದೇ ರಸ್ತೆಯ ಆಚೆ ಈಚೆ ಎರಡು ಮನೆ ನೋಡಿದೆವು. ಅದೇ ಬಿಲ್ಡರ್, ಅದೇ ನಾಲ್ಕು ಬೆಡ್‌ರೂಮು, ಅಡುಗೆಕಟ್ಟೆಯ ಗ್ರಾನೈಟ್ ಕೂಡ ಒಂದೇ ಬಣ್ಣ. ಬೆಲೆಯಲ್ಲಿ 40 ಸಾವಿರ ಡಾಲರ್ ವ್ಯತ್ಯಾಸ! ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅಂತ ಹೇಳೋ ಸ್ಕೂಲ್ ಬೌಂಡರಿ ಆ ರಸ್ತೆಯ ಮಧ್ಯೆ ಹಾದು ಹೋಗಿತ್ತು. ಯಾವ ಕಡೆ ಶಾಲೆ ಚೆನ್ನಾಗಿದೆ ಅಂತ ಏಜೆಂಟ್ ಹೆಂಗಸನ್ನು ಕೇಳಿದರೆ, "ಅದನ್ನು ನೀವೇ ನೋಡ್ಕೊಳ್ಳಿ" ಅಂದರು. ಹೇಳಿದರೆ ಗಿರಾಕಿಯನ್ನು ಬೇಕಂತಲೇ ಒಂದು ಏರಿಯಾಗೆ ತಳ್ಳಿದ ಹಾಗಾಗಿ, ಮನೆ ಮಾರುವಾಗ ಜನಾಂಗ, ಧರ್ಮ ನೋಡಿ ಭೇದ ಮಾಡಬಾರದು ಅನ್ನೋ ಫೇರ್ ಹೌಸಿಂಗ್ ಕಾನೂನಿನ ತಂಟೆ ಬಂದೀತು ಅಂತ ಭಯ. ಅವರು ಹೇಳದಿದ್ದರೇನು, ಬೆಲೆಯೇ ಹೇಳುತ್ತಿತ್ತಲ್ಲ.

ಇಲ್ಲಿ ಶಾಲೆ ನಡೆಯೋದೇ ಹೀಗೆ. ಮನೆ ತೆರಿಗೆಯ ದೊಡ್ಡ ಪಾಲು ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸೋ ಸ್ಥಳೀಯ ಆಡಳಿತಕ್ಕೆ. ಮನೆ ದುಬಾರಿ ಆದಷ್ಟೂ ಶಾಲೆಗೆ ದುಡ್ಡು ಜಾಸ್ತಿ. ಸ್ಯಾನ್ ಆಂಟೋನಿಯೋದ ಎಜ್‌ವುಡ್ ಅನ್ನೋ ಬಡ ಡಿಸ್ಟ್ರಿಕ್ಟ್‌ನ ತಂದೆತಾಯಂದಿರು ಇದು ನ್ಯಾಯವಾ ಅಂತ ಕೇಳಿಕೊಂಡು 1968ರಲ್ಲಿ ಕೋರ್ಟಿಗೆ ಹೋಗಿದ್ದರು. ಆಗ ಎಜ್‌ವುಡ್‌ನಲ್ಲಿ ಒಂದು ಮಗುವಿಗೆ ವರ್ಷಕ್ಕೆ 356 ಡಾಲರ್ ಖರ್ಚಾಗುತ್ತಿತ್ತು. ಅದೇ ಊರಿನ ಶ್ರೀಮಂತರ ಆಲಮೋ ಹೈಟ್ಸ್‌ನಲ್ಲಿ 594. ತಮಾಷೆ ಅಂದರೆ ತೆರಿಗೆ ದರ ಎಜ್‌ವುಡ್‌ನಲ್ಲೇ ಜಾಸ್ತಿ ಇತ್ತು! 1973ರಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ, ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದುಬಿಟ್ಟಿತು. ಇಪ್ಪತ್ತು ವರ್ಷ ಕಳೆದ ಮೇಲೆ ಟೆಕ್ಸಾಸ್ ತಾನೇ ಒಂದು ಕಾನೂನು ಮಾಡಿ, ಶ್ರೀಮಂತ ಡಿಸ್ಟ್ರಿಕ್ಟ್‌ಗಳ ತೆರಿಗೆಯಲ್ಲಿ ಒಂದಿಷ್ಟನ್ನು ಬೇರೆಯವರಿಗೆ ಹಂಚೋಕೆ ಶುರು ಮಾಡಿತು. ಜನ ಅದಕ್ಕೆ ರಾಬಿನ್ ಹುಡ್ ಅಂತಾರೆ. ನಮ್ಮ ಬೀದಿಯಲ್ಲಿ ಆ ಹೆಸರು ಎತ್ತಿದರೆ ಸಾಕು, ಬಾರ್ಬೆಕ್ಯೂ ಬಿಟ್ಟು ಬೈಯೋಕೆ ನಿಲ್ಲುತ್ತಾರೆ.

ಇಷ್ಟೆಲ್ಲ ಆದಮೇಲೂ ಪೆನ್ಸಿಲ್ ಯಾರು ಕೊಡಿಸಬೇಕು? ಆಗಸ್ಟ್‌ನಲ್ಲಿ ಪಟ್ಟಿ ಬರುತ್ತದೆ. 24 ಪೆನ್ಸಿಲ್, ಅದೂ ಚೂಪು ಮಾಡಿದ್ದು. 12 ಗ್ಲೂ ಸ್ಟಿಕ್. ಮೂರು ಡಬ್ಬ ಟಿಶ್ಯೂ. ಹೋದ ವರ್ಷ ಅಂಗಡಿಯಲ್ಲಿ ಮಗಳ ಟೀಚರ್ರೇ ಸಿಕ್ಕಿದರು. ಅವರ ಗಾಡಿ ತುಂಬಾ ಕ್ರೆಯಾನು, ಕತ್ತರಿ. ಸ್ಕೂಲಿನವರು ಕೊಡಲ್ವಾ ಅಂದೆ. ನಕ್ಕು, "300 ಡಾಲರ್‌ವರೆಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಖರ್ಚು ಅಂತ ತೋರಿಸಬಹುದು" ಅಂದರು. ಟೀಚರ್ ಸ್ವಂತ ದುಡ್ಡಲ್ಲಿ ಸಾಮಾನು ತರೋದಕ್ಕೆ ಇಲ್ಲಿ ತೆರಿಗೆ ಫಾರಂನಲ್ಲೇ ಜಾಗ ಮಾಡಿದ್ದಾರೆ. ನನಗಂತೂ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಎರಡು ಡಬ್ಬ ಕ್ರೆಯಾನು ನಾನೇ ಕೊಡ್ತೀನಿ ಅಂದರೆ ಅವರು ಬೇಡ ಅನ್ನಲಿಲ್ಲ.

ಹೋದ ತಿಂಗಳು ನಮ್ಮ ಹಾಸನದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ರಸ್ತೆ ಆಚೆಯ ಅಪಾರ್ಟ್‌ಮೆಂಟಿನಲ್ಲಿದ್ದಾನೆ. "ಅಣ್ಣಾ, ಪಾಪುನ ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ನಿಮ್ಮ ಅಡ್ರೆಸ್ ಹಾಕ್ಕೊಳ್ಳಲಾ?" ಓಹಾಯೋದ ಆಕ್ರನ್‌ನಲ್ಲಿ ಒಬ್ಬ ತಾಯಿ ತನ್ನ ಅಪ್ಪನ ಮನೆ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟ್‌ನ ಶಾಲೆಗೆ ಕಳಿಸಿದ್ದಕ್ಕೆ 2011ರಲ್ಲಿ ಜೈಲಿಗೆ ಹೋಗಿದ್ದಳು. ಆ ಕಥೆ ಹೇಳಿ, ಆಗಲ್ಲಪ್ಪ ಅಂದೆ. ಪಾಪ, ಬೇಜಾರು ಮಾಡಿಕೊಳ್ಳದೆ ಫೋನ್ ಇಟ್ಟ.

ಆಮೇಲೆ ನೆನಪಾಯಿತು. ನಾನು ಹೈಸ್ಕೂಲು ಓದಿದ್ದು ನಮ್ಮ ಹಳ್ಳಿಯಲ್ಲಲ್ಲ, ಪೇಟೆಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಸೇರಿಸೋಕೆ ಹೋದ ದಿನ ಹೆಡ್‌ಮೇಷ್ಟ್ರು ಅಡ್ರೆಸ್ ಕೇಳಲೇ ಇಲ್ಲ. ಕನ್ನಡಕ ಮೇಲೆತ್ತಿ, "ಯಾರ ಪೈಕಿನಯ್ಯಾ ನೀನು?" ಅಂದಿದ್ದರು.