ಮಳೆಗಾಲದಲ್ಲಿ ಹಿತ್ತಲು ಖಾಲಿ ಬಿಡಬೇಡಿ

ಕೈತೋಟದ ಲೇಖನ ತುಂಬಾ ಇಷ್ಟ ಆಯ್ತು. ಆದರೆ ಮಳೆಗಾಲದಲ್ಲಿ ತರಕಾರಿ ಹಾಕಿದರೆ ಕೊಳೆತೇ ಹೋಗುತ್ತದೆ ಎಂದು ಬರೆದಿದ್ದೀರಿ. ನಮ್ಮ ಶಿರಸಿ ಕಡೆ ಹಾಗಲ್ಲ. ರೋಹಿಣಿ ಮಳೆ ಬಿದ್ದ ಕೂಡಲೇ ಅತ್ತೆ ಬೆಂಡೆ, ಹೀರೆ, ಸೌತೆ ಬೀಜ ಊರುತ್ತಾರೆ. ಮಣ್ಣನ್ನು ಒಂದು ಗೇಣು ಏರಿಸಿ, ಸುತ್ತ ನೀರು ಹರಿಯಲು ದಾರಿ ಮಾಡಿ, ಮೇಲೆ ದರಕು, ಅಂದರೆ ಒಣಗಿದ ಎಲೆ, ಹರಡುತ್ತಾರೆ. ಜಡಿಮಳೆ ಹೊಡೆದರೂ ಮಣ್ಣು ಸಿಡಿದು ಎಲೆಗೆ ಮೆತ್ತುವುದಿಲ್ಲ. ರೋಗ ಎಷ್ಟೋ ಕಡಿಮೆ. ಬಚ್ಚಲ ನೀರು ಹೋಗುವ ಕಡೆ ಕೆಸು, ಬಸಳೆ, ಒಂದೆಲಗ. ತಂಬುಳಿಗೆ ಸೊಪ್ಪು ಪೇಟೆಯಿಂದ ತಂದದ್ದೇ ಇಲ್ಲ.

ಬೇಸಿಗೆಗೆ ಮೊಗೆಕಾಯಿ, ಅಂದರೆ ಮಂಗಳೂರು ಸೌತೆ. ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕುತ್ತೇವೆ, ಒಂದಕ್ಕೊಂದು ತಾಗದ ಹಾಗೆ. ಹೋದ ವರ್ಷ ಕೊನೆಯ ಕಾಯಿ ಒಡೆದದ್ದು ಚೌತಿ ಹೊತ್ತಿಗೆ! ಅದರ ಬೀಜವನ್ನೇ ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಇಟ್ಟಿದ್ದೇವೆ.

ಬೀಜಕ್ಕೆ ಅಂಗಡಿಗೇ ಹೋಗಬೇಕೆಂದೂ ಇಲ್ಲ. ಇಲ್ಲಿ ವನಸ್ತ್ರೀ ಎಂಬ ಹೆಣ್ಣುಮಕ್ಕಳ ಬಳಗ 2001ರಿಂದ ಊರಿನ ಬೀಜಗಳನ್ನು ಉಳಿಸಿಕೊಂಡು ಬಂದಿದೆ. ಮಳೆಗಾಲದ ಆ ಸಾಲು ಮಾತ್ರ ದಯವಿಟ್ಟು ತಿದ್ದಿ. ಹೊಸಬರು ಅದನ್ನು ಓದಿ ನಾಲ್ಕು ತಿಂಗಳು ಸುಮ್ನೆ ಕೂತುಬಿಡುತ್ತಾರೆ.