ಒಂದೇ ಪರದೆ, ಇಡೀ ತರಗತಿ

ಸ್ವೀಡನ್ನಿನ ಶಾಲೆಗಳು ಪುಸ್ತಕಕ್ಕೆ ಮರಳಿದವು ಎಂಬ ಸುದ್ದಿ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತಿ ಬರುತ್ತದೆ. ನಾನು ಸ್ವೀಡನ್ನಿನಲ್ಲೇ ಇರುವವನಲ್ಲವೇ, ಸಾಕ್ಷಿ ಹೇಳಲು ನನ್ನನ್ನೇ ಎಳೆಯುತ್ತಾರೆ. "ಅವರೇ ಕಂಪ್ಯೂಟರ್ ಬಿಸಾಡಿದರಂತೆ, ನಾವು ಈಗ ಕೊಳ್ಳುತ್ತಿದ್ದೇವೆ" ಎನ್ನುವುದು ಅದರ ಸಾರ. ಇಲ್ಲಿ ಯಾರೂ ಏನನ್ನೂ ಬಿಸಾಡಿಲ್ಲ. ನನ್ನ ಮಗಳ ಶಾಲೆಯಲ್ಲಿ ಲ್ಯಾಪ್‌ಟಾಪ್‌ಗಳು ಈಗಲೂ ಇವೆ, ಬಳಕೆಯಾಗುತ್ತಲೂ ಇವೆ.

ನಡೆದದ್ದು ಇಷ್ಟು. 2019ರ ಜುಲೈಯಲ್ಲಿ ಜಾರಿಗೆ ಬಂದ ಶಿಶುವಿಹಾರದ ಪಠ್ಯಕ್ರಮದಲ್ಲಿ ಡಿಜಿಟಲ್ ಸಾಧನಗಳ ಬಳಕೆ ಕಡ್ಡಾಯವಾಯಿತು. ಎಂದರೆ, ಪೆನ್ಸಿಲ್ ಹಿಡಿಯಲು ಬಾರದ ಮಗುವಿಗೂ ಪರದೆ. ಶಿಕ್ಷಣ ಇಲಾಖೆ ಇನ್ನೊಂದು ಡಿಜಿಟಲ್ ಕಾರ್ಯಯೋಜನೆಯನ್ನು ಮುಂದಿಟ್ಟಾಗ, 2023ರಲ್ಲಿ ಕರೋಲಿನ್‌ಸ್ಕಾ ಎಂಬ ವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರು ಇಂಥ ಸಾಧನಗಳು ಕಲಿಕೆಗೆ ನೆರವಾಗುವುದಕ್ಕಿಂತ ತೊಡಕಾಗುವುದೇ ಹೆಚ್ಚು ಎಂದು ಖಂಡತುಂಡವಾಗಿ ಬರೆದರು. ಅದೇ ವರ್ಷ ಸರ್ಕಾರ ಅಚ್ಚಿನ ಪಠ್ಯಪುಸ್ತಕಗಳಿಗಾಗಿ 68.5 ಕೋಟಿ ಕ್ರೋನರ್ ತೆಗೆದಿಟ್ಟಿತು. ನಾಲ್ಕನೇ ತರಗತಿಯ ಮಕ್ಕಳ ಓದುವ ಸಾಮರ್ಥ್ಯವನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ದೇಶದ ಅಂಕ 2016ರ 555ರಿಂದ 2021ರಲ್ಲಿ 544ಕ್ಕೆ ಇಳಿದಿತ್ತು. ಕೋವಿಡ್ ಕಾಲದಲ್ಲೂ ಇಲ್ಲಿನ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ತೆರೆದೇ ಇದ್ದವು ಎಂಬುದು ನೆನಪಿರಲಿ. ಹಾಗೆಂದು ಆ ಇಳಿಕೆಯ ಪಾಪವನ್ನೆಲ್ಲ ಟ್ಯಾಬ್‌ಗಳ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮನೆಯಲ್ಲಿ ಓದುವ ರೂಢಿ, ಮನೆಮಾತು, ಶಿಕ್ಷಕರ ಕೊರತೆ, ಎಲ್ಲವೂ ಅದರಲ್ಲಿ ಬೆರೆತಿರುತ್ತವೆ.

ನನ್ನ ತಕರಾರು ಬೇರೆಯೇ ಇದೆ. ಇಲ್ಲಿ ಕೆಟ್ಟದ್ದು ಮಾಡಿದ್ದು ಮಗುವಿಗೊಂದರಂತೆ ಹಂಚಿದ ಪರದೆ. ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ತೆರೆದು ಕುಳಿತರೆ ಶಿಕ್ಷಕರಿಗೆ ಕಾಣುವುದು ಮುಚ್ಚಳಗಳ ಸಾಲು. ಮಗಳು ಮನೆಯಲ್ಲಿ ಭಿನ್ನರಾಶಿಯ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಪ್ರಶ್ನೆಗೆ ನಾಲ್ಕು ಉತ್ತರಗಳಿರುತ್ತವೆ. ಮೊದಲನೆಯದನ್ನು ಒತ್ತುತ್ತಾಳೆ, ಕೆಂಪು. ಎರಡನೆಯದು, ಕೆಂಪು. ಮೂರನೆಯದು ಹಸಿರಾಗುತ್ತದೆ, ನಕ್ಷತ್ರವೊಂದು ಮಿನುಗುತ್ತದೆ, ಮುಂದಿನ ಪ್ರಶ್ನೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಭಾಗ ಎಂದು ಮೊದಲು ಆರಿಸಿದ್ದಳಲ್ಲ, ಛೇದಗಳನ್ನೂ ಕೂಡಿಸಿಬಿಟ್ಟಳೆಂಬ ಆ ಸುಳಿವು ಯಾರ ಕಣ್ಣಿಗೂ ಬೀಳಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ ಸಾಲು ಉಳಿದಿರುತ್ತದೆ. ಒಳ್ಳೆಯ ಶಿಕ್ಷಕರು ಓದುವುದೇ ಅದನ್ನು.

ಇನ್ನು ಕರ್ನಾಟಕದ ಕಡೆ ನೋಡಿ. ನನ್ನ ಅತ್ತಿಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅವರ ಕೈಯಲ್ಲಿರುವುದು ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಆಕೃತಿಗಳನ್ನು ಬರೆದು ಎಳೆದಾಡಿಸಬಲ್ಲ, ಹಣ ಕೊಡಬೇಕಿಲ್ಲದ ಜಿಯೋಜೀಬ್ರಾ ತಂತ್ರಾಂಶ. ರಜೆಗೆ ಹೋದಾಗ ಒಮ್ಮೆ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಗೋಡೆಯ ಮೇಲೆ ಒಂದು ಅರ್ಧವೃತ್ತ, ಅದರೊಳಗೆ ವ್ಯಾಸವನ್ನೇ ತಳವಾಗಿಟ್ಟುಕೊಂಡ ತ್ರಿಭುಜ. ಮೇಲಿನ ಶೃಂಗವನ್ನು ಕಂಸದ ಉದ್ದಕ್ಕೂ ಎಳೆಯಬಹುದು. ಎಳೆಯುವ ಮೊದಲು ಅತ್ತಿಗೆ ಕೇಳಿದರು: ಬಲಕ್ಕೆ ಸರಿಸಿದರೆ ಮೇಲಿನ ಕೋನ ಹಿಗ್ಗುತ್ತದೋ, ಕುಗ್ಗುತ್ತದೋ? ತರಗತಿ ಎರಡು ಬಣವಾಯಿತು. ಒಬ್ಬ ಹುಡುಗ ಕೈ ಬೀಸಿ ತೋರಿಸುತ್ತ ಕುಗ್ಗಲೇಬೇಕೆಂದು ವಾದಿಸಿದ. ಆಮೇಲೆ ಎಳೆದರು. ಶೃಂಗ ಎಲ್ಲಿಗೆ ಹೋದರೂ 90 ಡಿಗ್ರಿ. ಗದ್ದಲವೋ ಗದ್ದಲ.

ಮೆಚ್ಚಬೇಕಾದದ್ದು ಮುಂದಿನ ಕೆಲಸವನ್ನು: ಪ್ರೊಜೆಕ್ಟರ್ ಆರಿಸಿಬಿಟ್ಟರು. ಕೇಂದ್ರದಿಂದ ಶೃಂಗಕ್ಕೆ ಒಂದು ತ್ರಿಜ್ಯ ಎಳೆಯಿರಿ, ಎರಡು ಸಮದ್ವಿಬಾಹು ತ್ರಿಭುಜಗಳು ಸಿಗುತ್ತವೆ, ಈಗ ಸಾಧಿಸಿ ತೋರಿಸಿ ಎಂದು ಮಕ್ಕಳನ್ನು ನೋಟ್‌ಬುಕ್ಕಿಗೆ ಹಚ್ಚಿದರು. ಪರದೆ ಪ್ರಶ್ನೆಯನ್ನು ಹುಟ್ಟಿಸಿತು, ಉತ್ತರ ಪೆನ್ನಿನಿಂದ ಬಂತು. ಕರಿಹಲಗೆಯ ಮೇಲೆ ಇಪ್ಪತ್ತು ತ್ರಿಭುಜ ಬರೆದರೂ ಆ ಚಲನೆಯನ್ನು ತೋರಿಸಲಾಗದು, ಆದ್ದರಿಂದ ಅಲ್ಲಿ ಯಂತ್ರ ಬೇಕಿತ್ತು. ಸಾಧನೆ ಬರೆಯುವುದಕ್ಕೆ ಬೇಕಿರಲಿಲ್ಲ. ಇಲ್ಲಿನ ದುಬಾರಿ ವ್ಯವಸ್ಥೆಯಲ್ಲಿ ನಾನು ಇಷ್ಟು ಸ್ಪಷ್ಟವಾದ ವಿವೇಚನೆಯನ್ನು ಅಪರೂಪಕ್ಕೆ ಕಂಡಿದ್ದೇನೆ.

ನಮ್ಮಲ್ಲಿ ಎಲ್ಲವೂ ಸರಿಯಾಗಿದೆ ಎಂದೇನೂ ಅಲ್ಲ. ದಾಸ್ತಾನು ವಹಿಯಲ್ಲಿ ಮಾತ್ರ ಜೀವಂತವಾಗಿರುವ ಕಂಪ್ಯೂಟರ್‌ಗಳು ಎಷ್ಟೋ. ಪಠ್ಯಪುಸ್ತಕದಲ್ಲಿ ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾದ ಕ್ಯೂಆರ್ ಕೋಡ್ ಅಚ್ಚಾಗಿದ್ದರೂ ಅದನ್ನು ಸ್ಕ್ಯಾನ್ ಮಾಡಲು ಬೇಕಾದ ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಖಾಸಗಿ ಶಾಲೆಗಳ ಜಾಹೀರಾತಿನಲ್ಲಿ ಟ್ಯಾಬ್ ಹಿಡಿದ ಮಗು ನಗುತ್ತಿರುತ್ತದೆ, ಶಿಕ್ಷಕರು ಚಿತ್ರದಲ್ಲೇ ಇರುವುದಿಲ್ಲ. ಆದರೂ ಇದೇ ನಾಡು 2020ರಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ವಿದ್ಯಾಗಮ ಎಂಬ ಕಲಿಕಾ ಯೋಜನೆಯನ್ನು ರೂಪಿಸಿತು. ಮೊದಲು ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರಲ್ಲಿ ಸಾದಾ ಫೋನ್, ಯಾರಲ್ಲಿ ಏನೂ ಇಲ್ಲ ಎಂದು ಕೇಳಿ ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಂತಿತು, ಅದು ಬೇರೆ ಮಾತು. ಮೊದಲು ಮಗುವಿನ ಪರಿಸ್ಥಿತಿ, ಆಮೇಲೆ ಸಾಧನ ಎಂಬ ಕ್ರಮವಂತೂ ಸರಿಯಾಗಿತ್ತು.

ಮಗುವಿಗೊಂದು ಸಾಧನ ಬೇಕೇ ಬೇಕಾದ ಜಾಗವೂ ಇದೆ. ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಇಲ್ಲಿ ಸರ್ಕಾರದ ಲೆಗಿಮುಸ್ ಗ್ರಂಥಾಲಯ ಓದಿ ಹೇಳುವ ಪುಸ್ತಕಗಳನ್ನು ಉಚಿತವಾಗಿ ಕೊಡುತ್ತದೆ. ಅಂಥ ಮಗುವಿನ ಕಿವಿಗೆ ಹೆಡ್‌ಫೋನ್ ಇರಲೇಬೇಕು. ಈ ವಿಷಯದಲ್ಲಿ ನಾವು ಸ್ವೀಡನ್ನಿಂದ ಕಣ್ಣುಮುಚ್ಚಿ ಕಲಿಯಬಹುದು. ಕನ್ನಡ ಓದಿ ಹೇಳುವ ಉಚಿತ ತಂತ್ರಾಂಶಗಳು ಇದ್ದೇ ಇವೆ, ಅವು ಶಾಲೆಯನ್ನು ತಲುಪಬೇಕಷ್ಟೆ.

ಮಕ್ಕಳಿಗೆಲ್ಲ ಟ್ಯಾಬ್ ಬಂದರೆ ಏನು ಮಾಡುತ್ತೀರಿ ಎಂದು ಅತ್ತಿಗೆಯನ್ನು ಕೇಳಿದೆ. "ಅದಿರಲಪ್ಪ, ಮೊದಲು ಆ ಪಶ್ಚಿಮದ ಕಿಟಕಿಗೆ ಒಂದು ದಪ್ಪ ಬಟ್ಟೆ ಹಾಕಿಸಿಕೊಡಲಿ" ಎಂದರು. "ಮಧ್ಯಾಹ್ನದ ಮೇಲೆ ಬಿಸಿಲು ನೇರ ಗೋಡೆಗೆ ಬಡಿಯುತ್ತದೆ, ಪ್ರೊಜೆಕ್ಟರಿನ ಗೆರೆಗಳೇ ಕಾಣುವುದಿಲ್ಲ. ಎರಡು ವರ್ಷದಿಂದ ಬರೆದುಕೊಡುತ್ತಿದ್ದೇನೆ."