ನಿಂತಲ್ಲೇ ಓಡುವ ಕ್ರಿಯಾಪದ

ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ‘ರನ್ನಿಂಗ್ ಹೋಟೆಲ್ ಮಾರಾಟಕ್ಕಿದೆ’ ಎಂಬ ಸಾಲನ್ನು ಓದಿದವರು ಯಾರೂ, ಇಡ್ಲಿ ಪಾತ್ರೆ, ಗಲ್ಲಾಪೆಟ್ಟಿಗೆಗಳ ಸಮೇತ ಹೆದ್ದಾರಿಯಲ್ಲಿ ಓಟ ಕಿತ್ತ ಹೋಟೆಲೊಂದನ್ನು ಕಲ್ಪಿಸಿಕೊಳ್ಳುವುದಿಲ್ಲ. ವ್ಯಾಪಾರ ಕುದುರಿದೆ, ಖಾಯಂ ಗಿರಾಕಿಗಳಿದ್ದಾರೆ, ಕೊಂಡವರು ಮರುದಿನ ಬೆಳಗ್ಗೆಯೇ ಒಲೆ ಹಚ್ಚಬಹುದು ಎಂಬ ಇಷ್ಟೂ ಭರವಸೆ ಆ ಒಂದೇ ವಿಶೇಷಣದಲ್ಲಿ ಅಡಗಿದೆ. ಇಷ್ಟು ಚೆನ್ನಾಗಿ ಓಡುತ್ತಿರುವುದನ್ನು ಮಾರುವುದಾದರೂ ಏಕೆ ಎಂಬುದು ಬೇರೆಯ ಪ್ರಶ್ನೆ. ಅದನ್ನು ಕೊಳ್ಳುವವರು ಕೇಳಿಕೊಳ್ಳಲಿ. ನನ್ನ ಕುತೂಹಲವೆಲ್ಲ ಇರುವುದು ಆ ‘ರನ್’ ಎಂಬ ಕ್ರಿಯಾಪದದ ಮೇಲೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಅದಕ್ಕೆ ಕೊಟ್ಟಿದ್ದ ಅರ್ಥಗಳು 430. ಮೂರನೆಯ ಆವೃತ್ತಿಗಾಗಿ ನಮೂದುಗಳನ್ನು ಮತ್ತೆ ಬರೆಯುತ್ತ ಹೋದಾಗ, 2011ರ ಹೊತ್ತಿಗೆ ‘ರನ್’ 645 ಅರ್ಥಗಳನ್ನು ಹೊತ್ತು ಎಲ್ಲರನ್ನೂ ಹಿಂದಿಕ್ಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಈ ಒಂದು ಕ್ರಿಯಾಪದದ ಲೆಕ್ಕ ಚುಕ್ತಾ ಮಾಡಲು ಒಂಬತ್ತು ತಿಂಗಳಿಗೂ ಮಿಕ್ಕಿದ ಕಾಲ ಬೇಕಾಯಿತು. ಹಳೆಯ ಇಂಗ್ಲಿಷಿನಲ್ಲಿಯೇ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಇದೇ ಪದ ಸಲ್ಲುತ್ತಿತ್ತು. ಆಮೇಲೆ ಗಿರಣಿಗಳು ಬಂದವು, ರೈಲು ಬಂತು, ಎಂಜಿನ್ನು ಬಂತು, ಕೊನೆಗೆ ಕಂಪ್ಯೂಟರು ಬಂತು; ಬಂದದ್ದೆಲ್ಲ ತನ್ನ ಚಲನೆಯನ್ನು ಹೇಳಿಕೊಳ್ಳಲು ಈ ಪದವನ್ನೇ ಆಶ್ರಯಿಸಿತು. ಕುಳಿತಲ್ಲಿಂದ ಒಂದಂಗುಲವೂ ಕದಲದ ಪಂಪ್‌ಸೆಟ್ಟು ಕೂಡ ಹಾಗಾಗಿ ಇಂಗ್ಲಿಷಿನಲ್ಲಿ ಓಡುತ್ತದೆ.

ಕನ್ನಡಕ್ಕೆ ಇಂಥ ಹರವು ತಿಳಿಯದ್ದೇನಲ್ಲ. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು, ಹರಿ ಎಂಬ ಎರಡು ಅರ್ಥಗಳೂ ಇದ್ದವು. ಕುದುರೆಯೂ ಪರಿಯುತ್ತಿತ್ತು, ಹೊಳೆಯೂ ಪರಿಯುತ್ತಿತ್ತು. ಪಕಾರ ಹಕಾರವಾದ ಮೇಲೆ ‘ಹರಿ’ ಬಹುಮಟ್ಟಿಗೆ ನೀರಿನ ಪಾಲಾಯಿತು, ಕಾಲಿನ ಕೆಲಸವನ್ನು ‘ಓಡು’ ವಹಿಸಿಕೊಂಡಿತು. ಆದರೂ ಹಳೆಯ ಸಂಬಂಧ ಪೂರ್ತಿ ಕಡಿದುಹೋಗಲಿಲ್ಲ. ಹಾವು ಹರಿದಾಡುತ್ತದೆ, ಜಾತ್ರೆಗೆ ಜನ ಹರಿದುಬರುತ್ತಾರೆ, ರಸ್ತೆಯ ಮೇಲೆ ನೆಟ್ಟಗೆ ಓಡುತ್ತಿದ್ದ ಲಾರಿಯು ಅಪಘಾತದ ಸುದ್ದಿಯಲ್ಲಿ ಮಾತ್ರ ಥಟ್ಟನೆ ಪಾದಚಾರಿಯ ಮೇಲೆ ಹರಿಯುತ್ತದೆ. ಅಪರಾಧ ಸುದ್ದಿಯ ವರದಿಗಾರ ತನಗರಿವಿಲ್ಲದಂತೆಯೇ ಹಳಗನ್ನಡದ ಧಾತುವನ್ನು ದಿನನಿತ್ಯ ಬಳಸುತ್ತಿರುತ್ತಾನೆ.

ಉಳಿದ ಕಡೆಗಳಲ್ಲಿ ಮಾತ್ರ ಕನ್ನಡವು ಯಾವುದು ಓಡಬೇಕು, ಯಾವುದು ಓಡಬಾರದು ಎಂಬುದನ್ನು ತನ್ನದೇ ನ್ಯಾಯದಂತೆ ತೀರ್ಮಾನಿಸಿಕೊಂಡಿದೆ. ಇಂಗ್ಲಿಷಿನವರ ಅಂಗಡಿ, ಶಾಲೆ, ಸರ್ಕಾರಗಳೆಲ್ಲ ಓಡುತ್ತವೆ. ನಮ್ಮವು ನಡೆಯುತ್ತವೆ, ನಾವು ಅವನ್ನು ನಡೆಸುತ್ತೇವೆ. ನಮ್ಮ ಸರ್ಕಾರಗಳ ವೇಗವನ್ನು ಬಲ್ಲವರಿಗೆ ಈ ಕ್ರಿಯಾಪದದ ಆಯ್ಕೆಯಲ್ಲಿ ದೋಷವೇನೂ ಕಾಣಲಾರದು. ಮೂಗು ಅಲ್ಲಿ ಓಡುತ್ತದೆ, ಇಲ್ಲಿ ಸೋರುತ್ತದೆ. ಮೊದಲ ಒಗೆತಕ್ಕೆ ಕೆಂಪು ಸೀರೆಯ ಬಣ್ಣ ಅಲ್ಲಿ ಓಡಿದರೆ ಇಲ್ಲಿ ಬಿಡುತ್ತದೆ, ಬಿಟ್ಟು ಪಕ್ಕದ ಬಿಳಿ ಪಂಚೆಗೆ ಹತ್ತುತ್ತದೆ. ಬಿಡುವುದು ಮತ್ತು ಹತ್ತುವುದು ಎಂಬ ಈ ಜೋಡಿ ಕ್ರಿಯೆಗಳಲ್ಲಿ ಬಟ್ಟೆ ಒಗೆದವರ ಸಂಕಟವು ‘ರನ್’ ಹೇಳುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿದೆಯೆಂದು ನನಗೆ ತೋರುತ್ತದೆ.

ಚುನಾವಣೆಯ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಅಮೆರಿಕದ ಅಭ್ಯರ್ಥಿಯು ಪದವಿಗಾಗಿ ಓಡುತ್ತಾನೆ. ಅದೇ ಇಂಗ್ಲಿಷನ್ನಾಡುವ ಬ್ರಿಟನ್ನಿನ ಅಭ್ಯರ್ಥಿ ಪಾರ್ಲಿಮೆಂಟಿಗೆ ನಿಲ್ಲುತ್ತಾನೆ. ನಾವು ಬ್ರಿಟನ್ನಿನ ಪಕ್ಷ: ‘ಈ ಸಲ ಯಾರು ನಿಂತಿದ್ದಾರೆ?’ ಎಂದೇ ಕೇಳುತ್ತೇವೆ. ನಿಂತವರು ಗೆಲ್ಲುವವರೆಗೆ ಮನೆಮನೆಗೆ ಓಡಾಡುತ್ತಾರೆ, ಗೆದ್ದ ಮೇಲೆ ಕೂರುತ್ತಾರೆ; ಆಮೇಲೆ ಓಡುವ ಸರದಿ ಮತದಾರರದು.

ಇಷ್ಟೆಲ್ಲ ಕ್ರಿಯಾಪದಗಳನ್ನು ಸ್ವಂತಕ್ಕೆ ಇಟ್ಟುಕೊಂಡೂ ನಾವು ‘ರನ್’ ಅನ್ನು ಬಿಟ್ಟುಕೊಟ್ಟಿಲ್ಲ. ಸೀರೆ ಅಂಗಡಿಯಲ್ಲಿ ಜಮಖಾನದ ಮೇಲೆ ಸೆರಗು ಬಿಡಿಸಿ ತೋರಿಸುತ್ತಿರುವವನನ್ನು ‘ರನ್ನಿಂಗ್ ಬ್ಲೌಸ್ ಇದೆಯೇನಪ್ಪಾ?’ ಎಂದು ಕೇಳಿದರೆ, ಅವನು ಸೀರೆಯ ತುದಿಯನ್ನು ಎಳೆದು, ಅದೇ ಬಟ್ಟೆಯಲ್ಲಿ ಮುಂದುವರಿದಿರುವ ರವಿಕೆಯ ಕಣವನ್ನು ಅಂಗೈಯಿಂದ ಸವರಿ ತೋರಿಸುತ್ತಾನೆ. ರವಿಕೆ ಕಣ ಎಂಬ ಮುದ್ದಾದ ಮಾತು ಇದ್ದೂ, ಸೀರೆಯಿಂದ ಕತ್ತರಿಸದೆ ಉಳಿದದ್ದು ಎಂಬ ಸೂಕ್ಷ್ಮವನ್ನು ತಿಳಿಸಲು ಅಲ್ಲಿ ಇಂಗ್ಲಿಷೇ ಬೇಕಾಯಿತು. ಅಡುಗೆಮನೆಯ ಕಟ್ಟೆಗೆ ಹಾಕಿಸುವ ಗ್ರಾನೈಟಿನ ಅಂಚು ದುಂಡಗೆ ಮಾಡಿಸಲು ಹೋದರೆ ಕೂಲಿಯನ್ನು ರನ್ನಿಂಗ್ ಫೂಟಿನ ಲೆಕ್ಕದಲ್ಲಿ ಹೇಳುತ್ತಾರೆ. ಅಗಲವನ್ನು ಬಿಟ್ಟು ಉದ್ದವನ್ನಷ್ಟೇ ಅಳೆಯುವ ಪದ್ಧತಿ ಅದು. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ರೈಲ್ವೆಯವರ ರನ್ನಿಂಗ್ ರೂಮ್. ರೈಲು ಓಡಿಸುವ ಲೋಕೋ ಪೈಲಟ್‌ಗಳನ್ನೂ, 2022ರಿಂದ ಟ್ರೇನ್ ಮ್ಯಾನೇಜರ್ ಎನಿಸಿಕೊಂಡಿರುವ ಗಾರ್ಡುಗಳನ್ನೂ ಇಲಾಖೆಯು ರನ್ನಿಂಗ್ ಸಿಬ್ಬಂದಿ ಎಂದು ಕರೆಯುತ್ತದೆ. ಊರಿಂದ ದೂರ ಬಂದು ಪಾಳಿ ಮುಗಿಸಿದ ಅವರು ಉಂಡು ಮಲಗುವ ಕೋಣೆಗಳ ಕಟ್ಟಡಕ್ಕೆ ಆ ಹೆಸರು. ಓಟವೆಂಬುದು ಹೆಸರಿಗೂ ಇರಬಾರದ ಜಾಗದ ಬಾಗಿಲ ಮೇಲೆಯೇ ಅದನ್ನು ಬರೆದಿಟ್ಟಿದ್ದಾರೆ.

ಕ್ರಿಕೆಟ್ಟಿನಲ್ಲಿ ಈ ಪದ ನಾಮಪದವಾಗಿ, ನಮ್ಮ ಬಾಯಲ್ಲಿ ಇನ್ನಷ್ಟು ಕೆಟ್ಟಿದೆ, ಅಥವಾ ಬೆಳೆದಿದೆ. ನಾವು ರನ್ ಓಡುವುದಕ್ಕಿಂತ ಹೆಚ್ಚಾಗಿ ರನ್ ಹೊಡೆಯುತ್ತೇವೆ. ಚೆಂಡನ್ನು ಗೆರೆ ದಾಟಿಸಿದವನು ಬ್ಯಾಟಿಗೆ ಒರಗಿ ನಿಂತೇ ನಾಲ್ಕು ‘ಓಟ’ ಪಡೆಯುತ್ತಾನಾದ್ದರಿಂದ ಹೊಡೆಯುವುದೇ ಸರಿಯಾದ ಮಾತು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಎರಡೂ ಒಗ್ಗಲಿಲ್ಲ. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತ ಅವರು ಹೊಡೆದ ರನ್ನುಗಳು 167 ಮಾತ್ರ. ಗೂಗ್ಲಿಯ ಮಾಂತ್ರಿಕನಿಗೆ ಓಡುವ ದರ್ದಾದರೂ ಏನಿತ್ತು?

ಕಂಪ್ಯೂಟರನ್ನು ಕನ್ನಡಿಸಿದವರು ‘ರನ್’ಗೆ ‘ಚಲಾಯಿಸು’ ಎಂದರು. ಪದವೇನೋ ಒಳ್ಳೆಯದೇ, ವಾಹನವನ್ನೂ ಮತವನ್ನೂ ನಾವು ಚಲಾಯಿಸುತ್ತೇವೆ, ಸವೆದ ನೋಟಿನ ಚಲಾವಣೆಯ ಬಗ್ಗೆ ಜಗಳವಾಡುತ್ತೇವೆ. ಆದರೆ ಎದುರು ಕುಳಿತ ಹುಡುಗ ‘ಪ್ರೋಗ್ರಾಂ ರನ್ ಆಗ್ತಿಲ್ಲ ಸಾರ್’ ಎಂದೇ ಹೇಳುತ್ತಾನೆ. ಅವನನ್ನು ತಿದ್ದುವ ಉತ್ಸಾಹ ನನಗಿಲ್ಲ. ‘ಮಾಡು’, ‘ಆಗು’ಗಳನ್ನು ಬೆನ್ನಿಗೆ ಕಟ್ಟಿದರೆ ಯಾವ ಪರಭಾಷೆಯ ಕ್ರಿಯೆಯೂ ನಮ್ಮ ವ್ಯಾಕರಣಕ್ಕೆ ತಲೆಬಾಗುತ್ತದೆ, ಬೇರೆಯವರ ಓಟಕ್ಕೆ ಹಗ್ಗ ಹಾಕುವ ಈ ವಿದ್ಯೆ ಕನ್ನಡಕ್ಕೆ ಬಹಳ ಚೆನ್ನಾಗಿ ಬರುತ್ತದೆ.

ನಮ್ಮ ‘ಓಡು’ ಕೂಡ ಕೈಕಟ್ಟಿ ಕುಳಿತಿಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಲೆಕ್ಕದ ಪರೀಕ್ಷೆಯಲ್ಲಿ ತಲೆ ಓಡುವುದಿಲ್ಲ, ಪತ್ರಿಕೆಯ ಮೇಲೆ ಕಣ್ಣೋಡಿಸುತ್ತೇವೆ. ಅದಕ್ಕೆ ‘ಆಡು’ವನ್ನು ಸೇರಿಸಿದೊಡನೆಯಂತೂ ವೇಗವೆಲ್ಲ ಕಳಚಿ ಬಿದ್ದುಹೋಗುತ್ತದೆ. ತೊಂಬತ್ತು ದಾಟಿದ ಹಿರಿಯರು ಗೋಡೆ ಹಿಡಿದು ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ದೇವರ ಮನೆಗೆ ಹೆಜ್ಜೆಯ ಮೇಲೊಂದು ಹೆಜ್ಜೆ ಇಡುತ್ತಿದ್ದರೆ, ಕ್ಷೇಮ ವಿಚಾರಿಸಿದ ನೆಂಟರಿಗೆ ಮನೆಯವರು ನಿಶ್ಚಿಂತೆಯಿಂದ ಹೇಳುತ್ತಾರೆ: ‘ಅಜ್ಜಿಗೇನು, ಚೆನ್ನಾಗಿ ಓಡಾಡಿಕೊಂಡಿದ್ದಾರೆ.’